ಭಂಗಾರದ ಅಂಗಡ್ಯಾಗ ಸಿಕ್ಕ ಬೆಳ್ಳಿ ತಾಟು

ನಮ್ ಕಡಿ ಗುಜರಿ ಅಂಗಡಿಗಿ ಭಂಗಾರದ ಅಂಗಡಿ ಅಂತಾರ. ಹಿಂದಿ, ಮರಾಠಿ, ಉರ್ದು ಕೂಡಿ ಬಂದ ಮಾತು ಅದು. ಮೈಸೂರ ಕಡಿಯಿಂದ ಬಂದ ನಮ್ಮ ನೆಗೆಣ್ಣಿ ಮದುವಿ ಆದ ಹೊಸದಾಗಿ, ನಮ್ಮತ್ತಿ "ಆ ಸೋರೋ ಕೊಡ ಭಂಗಾರಕ್ಕ ಹಾಕ್ರಿ" ಅಂದಿದ್ದು ಕೇಳಿ ಬೆರಗಾಗಿ ನಿಂತುಬಿಟ್ಟಿದ್ಳು. ಸೋರೋ ಕೊಡಕ್ಕ ಬಂಗಾರ ಕೊಡ್ತಾರೇನು ಅಂತ ಆಕಿ ಲೆಕ್ಕ. ಒಂದು ಮಹಾಪ್ರಾಣದ ಫರಕು ನೋಡ್ರಿ. ಹ್ವಾದ ದೀಪಾವಳಿ ಮುಂದ ನಮ್ಮ ಮನ್ಯಾಗ ಆದ ಗದ್ದಲನೂ ಈ ಫರಕಿಂದೇ.

ಹಳೀ ಕೂಲರಿನ ಪತ್ರಾ ಹಾಕಿ ಬಾ ಅಂತ ಮಗನ್ನ ವಾಡಿಗಿ ಕಳಿಸಿದ್ದೆ. ಸೇಡಂದಾಗೂ ಅಂಗಡಿ ಅವ, ಖರೆ ವಾಡ್ಯಾಗ ನಮಗ ಗುರ್ತಿನ ಚಾಚಾ ಇದ್ದಾರ, ತೂಕದಾಗ ಮೋಸ ಮಾಡಂಗಿಲ್ಲ. ಪತ್ರಾ ಹಾಕಿ ರೊಕ್ಕ ತರಬೇಕಾದ ಹುಡುಗ ಕೈಲಿಂದ 600 ರೂಪಾಯಿ ಕೊಟ್ಟು ಒಂದು ಖೋಕಾ ಹೊತ್ಕೊಂಡು ಬಂದ. ಒಳಗ ಇಪ್ಪತ್ತು-ಇಪ್ಪತ್ತೈದು ಹಾಡಿನ ಪ್ಲೇಟು, ಅದರ ಕೆಳಗ ಹನ್ನೊಂದು ದೊಡ್ಡ ಬೆಳ್ಳಿ ತಾಟು. ತಾಟಂದ್ರ ಉಣ್ಣೋ ತಾಟಲ್ಲ. ಸಿಡಿ ಹಂಗೇ ಹೊಳಿತಾವ, ಕಾಮನಬಿಲ್ಲಿನ ಬಣ್ಣ ಬಿಡ್ತಾವ, ಆದ್ರ ಗಾತ್ರ ನಮ್ಮ ಹೋಳಿಗಿ ಹಂಚಿನಷ್ಟು. "ಅವ್ವಾ, ಇದು ಸಿಡಿ ಮುತ್ಯಾ" ಅಂದ ಮಗ.

ಮಾತು ಸುಳ್ಳಲ್ಲ. ಅದರ ಹೆಸರು ಲೇಸರ್‌ಡಿಸ್ಕ್. 1978ರಾಗ ಅಮೆರಿಕಾದಾಗ ಮೊದಲ ಮಾರಾಟಕ್ಕ ಬಂತು. ಸಿಡಿ ಬಂದದ್ದು ಅದರ ಹಿಂದಿಂದ. 30 ಸೆಂಟಿಮೀಟರ್ ಅಗಲ, ಎರಡು ಪದರ ಅಂಟಿಸಿ ಮಾಡಿದ್ದು, ಒಂದು ಮಗ್ಗಲಿಗಿ ಅರ್ಧ ತಾಸು ಇಲ್ಲಂದ್ರ ಒಂದು ತಾಸಿನ ಸಿನಿಮಾ. ಅಂದ್ರ ನಡುವ ಎದ್ದು ಹೋಗಿ ರೊಟ್ಟಿ ತಿರುವಿ ಹಾಕಿದಂಗ ತಿರುವಿ ಹಾಕಬೇಕು. ಜಪಾನದಾಗ, ಅಮೆರಿಕಾದಾಗ ಸಿನಿಮಾ ಹುಚ್ಚಿನವರು ಇಟ್ಕೊಂಡಿದ್ರು. ನಮ್ಮ ದೇಶದಾಗ ಇದು ಮನಿಮನಿಗಿ ಬರಲೇ ಇಲ್ಲ. ನಾವು ಕಂಡದ್ದು ವಿಸಿಪಿ. ಗಣಪತಿ ಹಬ್ಬಕ್ಕ, ಮದುವಿ ಮನಿಗಿ ಟಿ.ವಿ. ಸಮೇತ ಬಾಡಗಿ ತಂದು ಒಂದೇ ರಾತ್ರಿ ಮೂರು ಪಿಕ್ಚರ್ ನೋಡಿ, ಮರದಿನ ಹೊಲದಾಗ ತೂಕಡಿಸಿದ ಮಂದಿ ನಾವು. ಆಮ್ಯಾಲ ವಿಸಿಡಿ, ಒಂದು ಪಿಕ್ಚರಿಗಿ ಎರಡು-ಮೂರು ತಾಟು. ಅದೂ ಹೋಯ್ತು.

ಚಾಚಾ ಹೇಳಿದ ಪ್ರಕಾರ ಖೋಕಾ ಬಂದದ್ದು ಶಹಾಬಾದದ ಒಂದು ಮನಿಯಿಂದ. ಮನಿ ಯಜಮಾನ ಹಡಗಿನ ಮ್ಯಾಲ ಇಂಜಿನಿಯರ್ ಇದ್ದವ, ಈಗ ಇಲ್ಲ. ಹೆಣ್ಮಗಳು ಒಬ್ಬಾಕಿನೇ ಇದ್ದಾಳ, ಮಗ ಪುಣೆದಾಗ. ಮನಿ ಸಣ್ಣದು ಮಾಡ್ಕೊಳ್ಳಾಕ ಸಾಮಾನ ತಗದಾಳ.

ನಮ್ ಹುಡುಗ ಕುಂತಲ್ಲೇ ಮೊಬೈಲ್ ತಗದು ಒಂದೊಂದೇ ಹೆಸರು ಹಾಕಿ ನೋಡ್ಲಕತ್ತಿದ್ದ. ಹತ್ತು ನಿಮಿಷಕ್ಕ ಕೂಗಿದ: "ಅವ್ವಾ, ನಾಲ್ವತ್ತು ಸಾವಿರ! ಒಂದಕ್ಕ!" ಮನಿಯವರು ಹೊರಗ ಜ್ವಾಳದ ಚೀಲ ಹೊಲೀಲಕತ್ತಿದ್ರು, ಡಬ್ಬಣ ಬಿಟ್ಟು ಒಳಗ ಬಂದ್ರು. ಒಂದಕ್ಕ ನಾಲ್ವತ್ತು ಆದ್ರ ಹನ್ನೊಂದಕ್ಕ ಎಷ್ಟು ಅಂತ ನಮ್ಮತ್ತಿ ಬೆರಳು ಮಡಿಚಿ ಎಣಸಾಕ ಶುರು ಮಾಡಿದ್ರು. ಅವತ್ತು ನಮ್ಮ ಮನ್ಯಾಗ ಪಲ್ಯ ಹೊತ್ತಿತು.

ನಾನು ಹೇಳಬೇಕಂತಿರೋದು ಇಲ್ಲಿಂದ ಶುರು. ಹಳೀ ಸಾಮಾನಿಗಿ ರೇಟು ನೋಡೋದು ಹೆಂಗ ಅನ್ನೋದರಾಗ ನಾವು ಭಾಳ ಮಂದಿ ಮೊದಲ ಹೆಜ್ಜಿನೇ ತಪ್ಪಿ ಇಡ್ತೇವು. ಮೊಬೈಲ್‌ದಾಗ ಕಂಡದ್ದು ಕೇಳೋ ರೇಟು. ಯಾರೋ ಒಬ್ಬ ತನ್ನ ಮಾಲಿಗಿ ನಾಲ್ವತ್ತು ಸಾವಿರ ಅಂತ ಬರದು ಕುಂತಾನ. ಕುಂತೇ ಅದಾನ, ಯಾರೂ ತೊಗೊಂಡಿಲ್ಲ. ಸೇಡಂ ಸಂತ್ಯಾಗ ಹೋರಿಗಿ ಲಕ್ಷ ಹೇಳವಗ ಯಾರು ಅಡ್ಡಿ ಮಾಡ್ತಾರ? ಸಂಜಿತನಾ ಹೋರಿ ಹಿಡಕೊಂಡು ನಿಂತು ಮನಿಗೇ ಹೊಡಕೊಂಡು ಹೋಗ್ತಾನ. ಕೈ ಬದಲಿ ಆದಾಗ ಎಣಿಸಿದ ರೊಕ್ಕ ಏನದ, ಅದು ರೇಟು.

786 ನಂಬರಿನ ನೋಟಿಗಿ ಲಕ್ಷ ಕೊಡ್ತಾರಂತ ನಮ್ಮ ಓಣ್ಯಾಗ ಎಷ್ಟು ಮಂದಿ ನೋಟು ಕುರಾನಿನಾಗ, ಪುರಾಣದಾಗ ಇಟ್ಟಾರೋ ಲೆಕ್ಕ ಇಲ್ಲ. ಹಳೀ ನಾಣ್ಯ, ಹಳೀ ನೋಟು ಕೊಳ್ತೇವಂತ ಫೋನ್ ಮಾಡಿ, ಮೊದಲ ಫೀಸು ಕಟ್ರಿ, ಟ್ಯಾಕ್ಸ್ ಕಟ್ರಿ ಅಂತ ರೊಕ್ಕ ಹೊಡಿಯೋರ ಬಗ್ಗೆ 2021ರಾಗ ರಿಜರ್ವ್ ಬ್ಯಾಂಕೇ ಹುಷಾರಂತ ಹೇಳ್ಯದ. 2009ರಾಗ ಸೌದಿಯೊಳಗ ಹಳೀ ಸಿಂಗರ್ ಹೊಲಿಗಿ ಮಶೀನಿನಾಗ ಕೆಂಪು ಪಾದರಸ ಅದ ಅಂತ ಗುಲ್ಲಾಗಿ, ಮಂದಿ ಸಾವಿರಗಟ್ಟಲೆ ರಿಯಾಲ್ ಕೊಟ್ಟು ಮಶೀನ್ ಕೊಂಡ್ರು. ಒಳಗ ಏನೂ ಇರಲಿಲ್ಲ, ಎಣ್ಣಿ ಜಿಡ್ಡು ಬಿಟ್ರ. ಹಳೇದಿದ್ದ ಮಾತ್ರಕ್ಕ ಬೆಲೆ ಇದ್ದಿದ್ರ ನಮ್ಮ ಶಹಾಬಾದ ಫರ್ಸಿಗಿ ಏನು ಕೊಡಬೇಕಿತ್ತು, ಕೋಟಿಗಟ್ಟಲೆ ವರ್ಷದ ಕಲ್ಲದು!

ಅದಕ್ಕ ಮಗನಿಗಿ ಹೇಳಿದೆ, ಮಾರಾಟ ಆದದ್ದು ಎಷ್ಟಕ್ಕ ನೋಡು ಅಂತ. ಅದೂ ಸಿಗ್ತದ. ಇಬೇದಾಗ ಮಾರಾಟ ಆಗಿದ್ದು ಮಾತ್ರ ತೋರ್ಸು ಅನ್ನೋ ಗುಂಡಿ ಅದ. ಹಾಡಿನ ಪ್ಲೇಟಿಗಿ ಡಿಸ್ಕಾಗ್ಸ್ ಅಂತ ಅದ, ಅದರಾಗ ಒಂದು ಪ್ಲೇಟು ಇಲ್ಲೀತನಾ ಕಡಿಮಿ ಅಂದ್ರ ಎಷ್ಟಕ್ಕ, ಹೆಚ್ಚಂದ್ರ ಎಷ್ಟಕ್ಕ ಹೋಗ್ಯದ ಅಂತ ಬರದಿರ್ತಾರ. ನೋಡ್ಕೋತ ಹೋದಂಗ ಹುಡುಗನ ಮಾರಿ ಇಳೀತು. ಹನ್ನೊಂದರಾಗ ಹತ್ತು, ಜುರಾಸಿಕ್ ಪಾರ್ಕ್, ಟರ್ಮಿನೇಟರ್, ಟೈಟಾನಿಕ್ ಇಂಥಾವು. ಎಲ್ಲಾರಿಗೂ ಬೇಕಾದ ಪಿಕ್ಚರ್, ಅದಕ್ಕೇ ಲಕ್ಷಗಟ್ಟಲೆ ಮಾಡಿ ಹಂಚ್ಯಾರ. ಐದು, ಹತ್ತು ಡಾಲರಿಗಿ ಹೋಗ್ತಾವ. ನಮ್ಮ ದೇಶದಿಂದ ಕಳಿಸೋ ಅಂಚಿ ಖರ್ಚೇ ಅದಕ್ಕಿಂತ ಹೆಚ್ಚು.

ಹೆಸರುವಾಸಿ ಆದದ್ದು ಬ್ಯಾರೆ, ಅಪರೂಪ ಆದದ್ದು ಬ್ಯಾರೆ. ಇದು ತಲಿಗಿ ಹತ್ತಲಾಕ ನಮ್ಮ ಮಂದಿಗಿ ಭಾಳ ವ್ಯಾಳ್ಯಾ ಬೇಕು. ಖೋಕಾದಾಗ ಶೋಲೆ ಪಿಕ್ಚರಿನ ಡೈಲಾಗ್ ಪ್ಲೇಟೂ ಇತ್ತು, ಪಾಲಿಡಾರ್ ಕಂಪನಿದು. ನಮ್ಮ ರಾಮನಗರದ ಗುಡ್ಡದಾಗ ತಗದ ಪಿಕ್ಚರ್, 1975. ಹಾಡಿಗಿಂತ ಗಬ್ಬರ್‌ಸಿಂಗನ ಮಾತಿನ ಪ್ಲೇಟೇ ಹೆಚ್ಚು ಓಡಿತು ಆಗ. ಹೋಟೆಲ್‌ದಾಗ, ಪಾನ್ ಅಂಗಡ್ಯಾಗ ಬರೇ ಮಾತೇ ಮಾತು. ಮನಿಯವರು ಅದನ್ನ ಎದಿಗಿ ಅವಚಿಕೊಂಡು "ಇದರ ಮುಂದ ಯಾವುದೂ ಇಲ್ಲ" ಅಂದ್ರು. ಅವರ ಪ್ರೀತಿ ಖರೆ. ಆದ್ರ ಅಷ್ಟು ಮಾರಾಟ ಆದ ಪ್ಲೇಟು ಎಲ್ಲಾರ ಅಟ್ಟದ ಮ್ಯಾಲೂ ಇರ್ತದ.

ಉಳದದ್ದು ಹನ್ನೊಂದನೇ ತಾಟು. ಸ್ಟಾರ್ ವಾರ್ಸ್ ಅನ್ನೋ ಸರಣಿಯಾಗಿನದು, ಫ್ಯಾಂಟಮ್ ಮೆನಸ್ ಅಂತ. ಪಿಕ್ಚರ್ ಬಂದದ್ದು 1999ರಾಗ. ಅಷ್ಟೊತ್ತಿಗಿ ಡಿವಿಡಿ ಬಂದು ಲೇಸರ್‌ಡಿಸ್ಕ್ ಉಸಿರು ಬಿಡ್ಲಕತ್ತಿತ್ತು. 2000ದಾಗ ಜಪಾನದಾಗ ಮಾತ್ರ ಈ ತಾಟು ಬಿಡುಗಡಿ ಮಾಡಿದ್ರು, ಅಮೆರಿಕಾದಾಗ ಮಾಡಲಿಲ್ಲ. ಡಿವಿಡಿ ಬಂದದ್ದು ಮರುವರ್ಷ. ಕಡೀಗಾಲದಾಗ ಬಂದದ್ದು, ಕಡಿಮಿ ಬಂದದ್ದು, ಹಿಂದ ಬಿದ್ದ ಮಂದಿ ಮಾತ್ರ ಜಗತ್ತಿನ ತುಂಬ. ಸೀಸನ್ ಮುಗಿದ ಮ್ಯಾಲ ಗಿಡದಾಗ ಉಳದ ಕಡೀ ಸೀತಾಫಲ ಇದ್ದಂಗ. ನಾಲ್ವತ್ತು ಸಾವಿರ ಕೇಳಿದವ ಕೇಳಿದ್ದು ಇದಕ್ಕೇ. ಮಾರಾಟ ಆದ ರೇಟು ನೋಡಿದ್ರ ಅದರ ನಾಲ್ಕನೇ ಪಾಲೂ ಇರಲಿಲ್ಲ. ಆದ್ರೂ 600 ರೂಪಾಯಿ ಖೋಕಾದಾಗ ಅದೇನು ಕಡಿಮಿ ಏನ್ರಿ?

ಈ ತಾಟಿನ ಮ್ಯಾಲ ಒಂದು ಕಾಗದದ ಪಟ್ಟಿ ಸುತ್ತಿತ್ತು, ಜಪಾನಿ ಅಕ್ಷರದಾಗ ಬರದದ್ದು. ನಮ್ಮ ಸಣ್ಣಾಕಿ ಅದನ್ನ ಬರೇ ಸುತ್ತಿದ ಕಾಗದ ಅಂತ ಹರೀಲಾಕ ಹೋಗಿದ್ಳು. ಅದಕ್ಕ ಒಬಿ ಅಂತಾರಂತ. ನಮ್ಮ ಮದುಮಗನ ಪಟಗಾ ಇದ್ದಂಗ, ಅದಿಲ್ಲಂದ್ರ ವರ ವರನಂಗ ಕಾಣಂಗಿಲ್ಲ. ಪಟ್ಟಿ ಇದ್ರ ರೇಟು ಬ್ಯಾರೆ, ಇಲ್ಲಂದ್ರ ಬ್ಯಾರೆ. ಅದಕ್ಕ ನನ್ನ ಮಾತೇನಂದ್ರ, ಹಳೀ ಸಾಮಾನ ಕೈಗಿ ಬಂದ ಕೂಡಲೇ ಸ್ವಚ್ಛ ಮಾಡೋ ಚಟ ಬಿಡ್ರಿ. ಕವರು, ಚೀಟಿ, ಒಳಗಿನ ಪುಸ್ತಕ, ಅಂಗಡಿ ಶಿಕ್ಕಾ ಏನಿದ್ರೂ ಇರ್ಲಿ. ಮೊದಲ ಕನ್ನಡ ಟಾಕಿ ಸತಿ ಸುಲೋಚನಾ, 1934ರದ್ದು, ಅದರ ಒಂದು ಪ್ರಿಂಟೂ ಉಳದಿಲ್ಲ. ಪಿಕ್ಚರೇ ಹೋದ ಮ್ಯಾಲ ಅದರ ಹ್ಯಾಂಡ್‌ಬಿಲ್ಲೋ ಹಾಡಿನ ಪುಸ್ತಕವೋ ಸಿಕ್ಕವ ಏನು ಮಾಡ್ಯಾನು, ಹೇಳ್ರಿ.

ಇನ್ನ ಕೆಟ್ಟಿದ್ದನ್ನೂ ಹೇಳಬೇಕು. ಈ ತಾಟಿಗಿ ಒಂದು ರೋಗ ಅದ, ಲೇಸರ್ ರಾಟ್ ಅಂತಾರ. ಎರಡು ಪದರ ಅಂಟಿಸಿದ ಅಂಟು ಬಿಟ್ಟು ಒಳಗಿನ ಅಲ್ಯೂಮಿನಿಯಂ ಪದರ ಕೆಡ್ತದ. ಹೊರಗಿಂದ ಕಾಣಂಗಿಲ್ಲ, ಮಶೀನಿಗಿ ಹಾಕಿದ್ರ ಚಿತ್ರದ ಮ್ಯಾಲ ಬಣ್ಣಬಣ್ಣದ ಚುಕ್ಕಿ ಉದುರ್ತಾವ. ಹಾಕಿ ನೋಡಾಕ ಮಶೀನ್ ಎಲ್ಲದ? ಪಯೋನಿಯರ್ ಕಂಪನಿ 2009ರಾಗ ಮಾಡೋದೇ ನಿಲ್ಲಿಸ್ತು. ಹೆಂಗೋ ಒಂದು ಸಿಕ್ರೂ ಜಪಾನ-ಅಮೆರಿಕಾದ ತಾಟು ಎನ್‌ಟಿಎಸ್‌ಸಿ, ನಮ್ಮ ಹಳೀ ಟಿ.ವಿ. ಪಾಲ್. ಹಂಗಾಗಿ ಮಾರೋ ಮುಂದ "ಹಾಕಿ ನೋಡಿಲ್ಲ" ಅಂತ ಹೇಳೇ ಮಾರಬೇಕು. ಹೇಳಿದ್ರ ರೇಟು ಇಳೀತದ. ಇಳೀಲಿ.

ಹಾಡಿನ ಪ್ಲೇಟಿನ ವಿಷಯಕ್ಕ ಬಂದ್ರ ನನಗೂ ಸ್ವಲ್ಪ ತಿಳೀತದ, ಯಾಕಂದ್ರ ನನ್ನ ತವರುಮನಿ ಚಿಂಚೋಳ್ಯಾಗ ಚಾವಿ ಕೊಡೋ ಗ್ರಾಮಫೋನು ಇತ್ತು. ಚಿಂಚೋಳಿಗಿ ರೈಲಿಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರ ಹಾಯ್ದು ಸಿಕಂದರಾಬಾದಿಗಿ ಹೋಗೋ ಲೈನು 1874ರಾಗೇ ಆಗ್ಯದ, ನಿಜಾಮನ ಕಾಲದಾಗ. ನಮ್ಮ ಮುತ್ಯಾ ತಾಂಡೂರಿಗಿ ಬಂಡಿ ಹೊಡಕೊಂಡು ಹೋಗಿ, ಅಲ್ಲಿಂದ ರೈಲಿಗಿ ಹೈದರಾಬಾದ ಮುಟ್ಟಿ ಪ್ಲೇಟು ತರ್ತಿದ್ದನಂತ. ಮನ್ಯಾಗ ಉರ್ದು ಮಾತಾಡೋ ಗೆಳ್ಯಾರು ಅದಕ್ಕ ತವಾ ಅಂತಿದ್ರು. ಖರೆನೇ ರೊಟ್ಟಿ ಹಂಚಿನಂಗ ಕರ್ರಗ, ಭಾರ. ಅವು 78 ಸುತ್ತಿನವು, ಅರಗಿಂದ ಮಾಡಿದ್ದು. ನೆಲಕ್ಕ ಬಿದ್ರ ಹಪ್ಪಳದಂಗ ಚೂರು. ಒಂದು ಮಗ್ಗಲಿಗಿ ಮೂರು-ಮೂರುವರಿ ನಿಮಿಷದ ಹಾಡು, ಅಷ್ಟೇ. ಆಮ್ಯಾಲ ಬಂದ ಎಲ್‌ಪಿ ಹಗುರ, ಬಾಗ್ತಾವ. ಬಾಗ್ತಾವ ಅನ್ನೋದೇ ನಮ್ಮ ಕಡಿ ದೊಡ್ಡ ಶಾಪ. ಮೇ ತಿಂಗಳದಾಗ 43, 44 ಡಿಗ್ರಿ ಬಿಸಲಾಗ ಪತ್ರಾದ ಮನ್ಯಾಗ ಅಟ್ಟದ ಮ್ಯಾಲ ಒಂದರ ಮ್ಯಾಲ ಒಂದು ಒಟ್ಟಿದ್ರ, ಮಳಿಗಾಲಕ್ಕ ಅವು ಡೊಂಕು ತಟ್ಟಿ ಆಗಿರ್ತಾವ. ನಿಲ್ಲಿಸಿ ಇಡಬೇಕು, ಪುಸ್ತಕ ಇಟ್ಟಂಗ, ತಂಪಿರೋ ಗ್ವಾಡಿಗಿ. ಗಾದಿ ನಡುವ ಇಟ್ಟಿದ್ದು ನೋಡೀನಿ, ಅದು ಬ್ಯಾಡ.

ಪ್ಲೇಟು ಹಗಲು ಬೆಳಕಿಗಿ ಓರೆ ಹಿಡದು ನೋಡ್ರಿ, ಗೀರು ಕಾಣ್ತಾವ. ಉಗುರಿಗಿ ತಾಕೋ ಗೀರಿದ್ರ ಹಾಡಿನಾಗ ಟಕ್ ಟಕ್ ಅಂತದ. ಮಾರೋರ ಭಾಷಾದಾಗ ಮಿಂಟ್, ವೆರಿ ಗುಡ್, ಗುಡ್ ಅಂತ ದರ್ಜೆ ಅವ. ಅದರಾಗ ಗುಡ್ ಅಂದ್ರ ಖರಾಬ್. ಅರ್ಥ ಆಗ್ಲಿಲ್ಲಂದ್ರ ಹೆಣ್ಣು ನೋಡ್ಲಾಕ ಬಂದವರು ಹೋಗೋ ಮುಂದ "ಮನಿ ಚೆಂದದ" ಅಂತಾರಲ್ಲ, ಹಂಗ.

ಇನ್ನೊಂದು, ಲೇಬಲ್ ಓದ್ರಿ. ನಾಯಿ ಚಿತ್ರ ಕಂಡ ಕೂಡಲೇ ಎಚ್‌ಎಂವಿ, ಗೊತ್ತದ ಬಿಡು ಅನ್ನಬ್ಯಾಡ್ರಿ. ಗಂಗೂಬಾಯಿ ಹಾನಗಲ್ಲರು ಮೊದಮೊದಲ ಕೊಟ್ಟ ಪ್ಲೇಟಿನ ಮ್ಯಾಲ ಅವರ ಹೆಸರು ಗಾಂಧಾರಿ ಹುಬಳೀಕರ್ ಅಂತ ಅದ. ಗೊತ್ತಿಲ್ಲದವ ಯಾರೋ ಮರಾಠಿ ಬಾಯಿ ಅಂತ ಬಿಸಾಕ್ತಾನ. ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ಕಿಸ್ಮತ್ ಪಿಕ್ಚರಿಗಿ ಹಾಡಿದಾಕಿ. ಹೆಸರಿನಾಗೇ ನಮ್ಮ ನಾಡು ಹೊತ್ತಾಕಿ, ಆಕಿ ಪ್ಲೇಟು ಇಂಗ್ಲಿಷ್‌ದಾಗ ಬರದಿರ್ತದ ಅಂತ ನಮ್ಮವರೇ ಗುರ್ತು ಹಿಡಿಯಂಗಿಲ್ಲ. ಲೇಬಲ್ ಸುತ್ತ ಖಾಲಿ ಜಾಗದಾಗ ಸಣ್ಣಗ ಕೆತ್ತಿದ ನಂಬರ್ ಇರ್ತದ, ಅದನ್ನೂ ಬರಕೋರಿ. ಒಂದೇ ಹಾಡು ಬ್ಯಾರೆ ಬ್ಯಾರೆ ವರ್ಷ ಮಾಡಿದ್ರ ನಂಬರಿನಾಗ ತಿಳೀತದ.

ಈಗ ಗದ್ದಲದ ಮಾತು. ಹೈದರಾಬಾದಿನ ಒಬ್ಬರು ಆ ಜಪಾನಿ ತಾಟಿಗಿ ಕೈಯಾಗ 5,500 ಕೊಡ್ತೇನಂದ್ರು. ಹಾಕಿ ನೋಡಿಲ್ಲ ಅಂತ ಮೊದಲೇ ಹೇಳಿದ್ದೆವು, ಒಪ್ಪಿದ್ರು, ಬಂದು ತೊಗೊಂಡು ಹೋದ್ರು. ರೊಕ್ಕ ಬಂದ ದಿನ ನಾನಂದೆ, ಶಹಾಬಾದದ ಆ ಅಕ್ಕೋರಿಗಿ ಅರ್ಧ ಮುಟ್ಟಿಸಿ ಬರಬೇಕು ಅಂತ. ಮಗ ಎದ್ದು ನಿಂತ. "ಆಕಿ ಮಾರ್ಯಾಳ, ಚಾಚಾ ಕೊಂಡಾನ, ನಾನು ಚಾಚಾನ ಕೈಲಿಂದ ಕೊಂಡೀನಿ. ಕಳವು ಮಾಡೀನೇನು? ತೊಗರಿ ಅಗ್ಗ ಇದ್ದಾಗ ಕೊಂಡು ತುಟ್ಟಿ ಆದಾಗ ಮಾರಿದ ಅಡತಿಯವ ರೈತಗ ಅರ್ಧ ಕೊಡ್ತಾನೇನವ್ವಾ?"

ಮಾತು ಚಲೋ ಕೇಳ್ದ. ನಾನು ಎರಡು ದಿನ ವಿಚಾರ ಮಾಡಿದೆ. ತೊಗರಿ ರೇಟು ಬಜಾರದಾಗ ಹಲಗಿ ಮ್ಯಾಲ ಬರದಿರ್ತದ, ರೈತನೂ ನೋಡ್ತಾನ, ಅಡತಿಯವನೂ ನೋಡ್ತಾನ. ನಾಳಿ ಏನಾಗ್ತದ ಇಬ್ಬರಿಗೂ ಗೊತ್ತಿರಂಗಿಲ್ಲ. ಇಲ್ಲಿ ಹಂಗಲ್ಲ. ಒಬ್ಬಾಕಿಗಿ ತಾನು ಕೊಟ್ಟದ್ದೇನಂತ ಗೊತ್ತಿಲ್ಲ, ಇನ್ನೊಬ್ಬರಿಗಿ ಗೊತ್ತಾಗ್ಯದ. ಹಂಗಂತ ಭಂಗಾರದಾಗ ಹುಡುಕಿ ತಗದು ಹೊಟ್ಟಿ ಹೊರಕೊಳ್ಳೋರು ತಪ್ಪಂತ ನಾನು ಅನ್ನಂಗಿಲ್ಲ. ಹೈದರಾಬಾದ ಜುಮೇರಾತ್ ಬಜಾರದವರು, ಮುಂಬೈ ಚೋರ್ ಬಜಾರದವರು ಧೂಳದಾಗ ಕುಂತು, ಹತ್ತು ಖೋಕಾ ಕೊಂಡು ಒಂಬತ್ತರಾಗ ಲುಕ್ಸಾನು ತಿಂದು, ಕಣ್ಣು ಪಳಗಿಸಿಕೊಂಡಾರ. ಆ ಕಣ್ಣಿಗಿ ಕೂಲಿ ಸಿಗಬೇಕು. ಅದಕ್ಕೇ ಅರ್ಧ ಅಂದೆ, ಪೂರಾ ಅನ್ನಲಿಲ್ಲ. ಮಾರಿದಾಕಿ ಸಂತಿಗಿ ಕುಂತ ವ್ಯಾಪಾರಸ್ಥಿ ಆಗಿದ್ರ ಅದೂ ಅಂತಿರಲಿಲ್ಲ. ಗಂಡ ಸತ್ತ ಮನಿ ಖಾಲಿ ಮಾಡೋ ಮುಂದ ಹೆಣ್ಮಕ್ಕಳು ಮಾರೋದು ಮಾರಾಟ ಅಲ್ರಿ, ಕಣ್ಮರಿ ಮಾಡೋದು.

ಅದು ನನಗ್ಹೆಂಗ ಗೊತ್ತಂದ್ರ, ನಾನೇ ಒಮ್ಮಿ ಮಾಡೀನಿ. 2006ರಾಗ ನಮ್ಮನಿಗಿ ಸಿಡಿ ಪ್ಲೇಯರ್ ಬಂತು. ಆವಾಗ ನಾನು ಅಟ್ಟ ಬಳದು ಒಂದು ಬುಟ್ಟಿ ಕ್ಯಾಸೆಟ್ ತೂಕಕ್ಕ ಹಾಕಿದೆ. 60 ರೂಪಾಯಿ ಬಂತು, ಅದರಾಗ ಸ್ಟೀಲ್ ಜಾಲರಿ ಕೊಂಡೆ, ಇನ್ನೂ ಅದ, ಹಪ್ಪಳ ಅದರಾಗೇ ತಗೀತೇನಿ. ಮರುವಾರ ಅತ್ತಿ ಕೇಳಿದ್ರು, "ಆ ನೀಲಿ ಕವರಿನ ಕ್ಯಾಸೆಟ್ ಎಲ್ಲಿಟ್ಟೀಯವ್ವಾ?" ಅದರಾಗ ಅವರ ತಾಯಿ ಹಾಡಿದ ಬೀಸುಕಲ್ಲಿನ ಪದ ಇದ್ದವಂತ. ಚಿತ್ತಾಪುರದ ನಮ್ಮ ಕಾಕಾ ಯಾವುದೋ ಸೀಮಂತದಾಗ ಟೇಪ್ ಮಾಡಿದ್ದು. ಆಕಿ ದನಿ ಇದ್ದದ್ದು ಜಗತ್ತಿನಾಗ ಅದೊಂದೇ. ಅತ್ತಿ ನನಗ ಒಂದು ಮಾತು ಅನ್ನಲಿಲ್ಲ. "ಹೋಗ್ಲಿ ಬಿಡು" ಅಂದು ಸೆರಗಿಲೆ ಮಾರಿ ಒರಸಿಕೊಂಡು ದನಕ್ಕ ನೀರು ಕುಡಸಾಕ ಹ್ವಾದ್ರು. ಬೈದಿದ್ರ ಚಲೋ ಇತ್ತು.

ಟೈಟಾನಿಕ್ ತಾಟು ಒಡದ್ರ ಇನ್ನೊಂದು ಸಿಗ್ತದ, ಮೊಬೈಲ್‌ದಾಗೂ ಸಿಗ್ತದ. ಮನ್ಯಾಗಿನ ಟೇಪಿಗಿ ಡಿಸ್ಕಾಗ್ಸ್‌ನಾಗ ನಂಬರ್ ಇಲ್ಲ, ಭಂಗಾರದಾಗ ಕಿಲೋ ಲೆಕ್ಕ. ಅದಕ್ಕ ಯಾರ ಮನ್ಯಾಗಾರ ಅಟ್ಟ ಬಳಿಯೋದು ಬಂದ್ರ ನಾನು ಹೇಳೋದು ಒಂದೇ: ಹೆಸರು ಬರೀಲಾರದ ಕ್ಯಾಸೆಟ್ ಮೊದಲ ತಗದು ಇಡ್ರಿ, ಅಂಗಡಿ ಕ್ಯಾಸೆಟ್ ಆಮ್ಯಾಲ ನೋಡ್ರಿ. ಕೊಂಡ ಕ್ಯಾಸೆಟ್ಟಿನ ಮ್ಯಾಲೇ ಬಾಯಿಗಿ ಟೇಪ್ ಹಚ್ಚಿ ಮನಿ ಮಾತು ತುಂಬಿದ್ದೂ ಇರ್ತದ, ಆ ಅಂಟು ಟೇಪಿನ ತುಂಡು ಕಂಡ್ರ ಬಿಡಬ್ಯಾಡ್ರಿ.

ಕಡೀಗಿ ನಾನು, ಮಗ ಇಬ್ಬರೂ ಶಹಾಬಾದಿಗಿ ಹೋದೆವು. ಚಾಚಾ ಮನಿ ತೋರಿಸಿದ್ರು. ಅಕ್ಕೋರು ಫರ್ಸಿ ಕಟ್ಟಿ ಮ್ಯಾಲ ಕುಂತು ಶೇಂಗಾ ಒಡೀಲಕತ್ತಿದ್ರು. ವಿಷಯ ಹೇಳಿ 2,750 ಮುಂದಿಟ್ಟೆ. ತುಸು ಹೊತ್ತು ರೊಕ್ಕದ ಕಡಿ ನೋಡಲೇ ಇಲ್ಲ. "ಯಾವ ಪಿಕ್ಚರು?" ಅಂದ್ರು. ಮಗ ಫೋಟೋ ತೋರಿಸಿದ. "ಇದೇನೋ. ಸೀಲು ಒಡಿಯಲೇ ಇಲ್ಲ ಅವರು, ರಜಾಕ್ಕ ಬಂದಾಗ ನೋಡಮು ಅಂತಿದ್ರು. ತಿರುವಿ ಹಾಕಾಕ ಮಗನ್ನ ಮಶೀನಿನ ಬಾಜೂ ಕೂಡಸ್ತಿದ್ರು." ಮಶೀನ್ ಎರಡು ವರ್ಷದ ಹಿಂದೇ ಹೋಗಿತ್ತು, ತಾಂಬ್ರದ ತಂತಿ ಲೆಕ್ಕಕ್ಕ. ರೊಕ್ಕ ಎಣಿಸಿ 500 ತಗದು ಮಗನ ಕೈಯಾಗಿಟ್ರು: "ಇದು ಭಂಗಾರದ ಚಾಚಾಗ ಕೊಡಪ್ಪ, ಅವ ನನ್ನ ಹೆಸರು ಹೇಳಲಿಲ್ಲಂದ್ರ ನೀವು ಬರ್ತಿದ್ದಿಲ್ಲ." ಮಗ ಹೊರಗ ಬಂದು ಮಾರಿ ಸಣ್ಣದು ಮಾಡ್ಕೊಂಡ, ಆದ್ರ ಕೊಟ್ಟ.

ಏಳೋ ಮುಂದ ಕಂಡಿತು, ಮೂಲ್ಯಾಗ ಒಂದು ಪ್ಲಾಸ್ಟಿಕ್ ಬುಟ್ಟಿ, ಕ್ಯಾಸೆಟ್ಟು. ಮುಂದಿನ ವಾರ ಹಾಕೋದಂತ. ನನಗ ತಡೀಲಿಲ್ಲ, ಕೇಳಿ ತೊಗೊಂಡು ಬಂದೆ, ಕೇಳಿಸಿ ಕೊಡ್ತೇನಂತ. ನಮ್ಮ ಹಳೀ ಟೇಪ್‌ರೆಕಾರ್ಡರ್ ಒರಸಿ ರಾತ್ರಿ ಒಂದೊಂದೇ ಹಾಕಿದೆವು. ಹದಿನಾಲ್ಕು ಇದ್ದವು. ಹನ್ನೆರಡರಾಗ ಪಿಕ್ಚರ್ ಹಾಡು. ಹದಿಮೂರನೇದರಾಗ ಮೊದಲ ಬರೇ ಗಾಳಿ ಸಪ್ಪಳ, ಆಮ್ಯಾಲ ಒಬ್ಬ ಗಂಡಸಿನ ದನಿ, ಇವತ್ತು ಹಡಗು ಎಲ್ಲಿ ನಿಂತದ, ಊಟಕ್ಕ ಏನಿತ್ತು ಅಂತ ಹೇಳ್ಕೋತ ಹೊಂಟದ. ನಡುವ ನಿಲ್ಲಿಸಿ, "ಪುಟ್ಯಾ, ನಾ ಹೇಳಿದಂಗ ಹೇಳು, ಒಂದು, ಎರಡು" ಅಂತ ಎಣಿಕಿ ಕಲಸ್ತಾನ, ಮಗು ಹೇಳಲಿ ಅಂತ ಸುಮ್ಮ ಆಗ್ತಾನ, ಮತ್ತ ಮುಂದ ಹೇಳ್ತಾನ. ಅತ್ತಿ ಎದ್ದು ಬಂದು ಬಾಗಲದಾಗ ನಿಂತಿದ್ರು. ನಾವು ಬಂದ್ ಮಾಡಿ ಇಟ್ಟೆವು, ಪೂರಾ ಕೇಳೋದು ಆ ಮನಿಯವರ ಹಕ್ಕು.

ಹದಿನಾಲ್ಕನೇದು ಸಿಕ್ಕಾಕ್ಕೊಂಡು ಬೆಲ್ಟ್ ಹರೀತು. ಕಲಬುರಗಿ ಮೆಕ್ಯಾನಿಕ್ ಮುಂದಿನ ಸೋಮವಾರ ಬಾ ಅಂದಾನ.